ಹುಲಗಿನಾಳ ಡಿಪೋದ ಕಿವಿಗ್ವಾಡಿ

“ನಾ ಉಚ್ಚಿ ಹೊಯ್ದ ಸುದ್ದಿ ಸಾರಾಕ ಆ ಗ್ವಾಡಿ ಯಾವೂರ ತಳವಾರ? ಅದನ್ನ ಹೇಳು ಮೊದ್ಲ.”

ಡ್ರೈವರ್ ಮೌನೇಶ ಬಡಿಗೇರ ಅಂಗೈಯಿಂದ ಮೇಜು ಬಡಿದ. ಡಿಪೋ ಮ್ಯಾನೇಜರ್ ಜಿಲಾನಿ ಇನಾಮದಾರ ಎದ್ದು ಹೋಗಿ ಕಿಟಕಿ ಮುಚ್ಚಿದ. ಹೊರಗೆ ನಾಲ್ಕಾರು ಡ್ರೈವರುಗಳು ಟೈರು ನೋಡುವ ನೆಪದಲ್ಲಿ ಕಿವಿ ಇತ್ತ ಕೊಟ್ಟು ನಿಂತಿದ್ದರು. ಕಿಟಕಿ ಮುಚ್ಚಿ ಏನೂ ಪ್ರಯೋಜನವಾಗಲಿಲ್ಲ. ಡೀಸೆಲ್ ಬಸ್ಸುಗಳ ಕಾಲದಲ್ಲಿ ಎಂಜಿನ್ನಿನ ಸದ್ದು ಮೀರಿಸಿ ಮಾತಾಡಿ ರೂಢಿಯಾದ ಗಂಟಲು ಮೌನೇಶನದು. ಈಗ ೨೦೬೧ರಲ್ಲಿ ಬಸ್ಸುಗಳು ಬ್ಯಾಟರಿಯ ಮೇಲೆ ಬೆಕ್ಕಿನಂತೆ ಓಡುತ್ತಿದ್ದರೂ ಗಂಟಲು ಮಾತ್ರ ಹಾಗೇ ಉಳಿದಿತ್ತು.

“ಯಾರಿಗೂ ಸಾರಿಲ್ಲ ಮಾಮಾ,” ಎಂದಳು ಎದುರಿಗೆ ಕೂತಿದ್ದ ಅಕ್ಕನ ಮಗಳು ಮೇದಿನಿ. “ನಿನ್ನ ಫೋನಿಗೆ ಹೇಳೇತಿ. ಡಿಪೋ ಡಾಕ್ಟರಿಗೆ ಹೇಳೇತಿ. ಮೂರನೇದವ್ರಿಗೆ ಗೊತ್ತಿಲ್ಲ.”

“ಗೊತ್ತಿಲ್ಲಂತ. ಹುಬ್ಬಳ್ಳಿ ಗಾಡಿ ನನ್ನ ಕೈಯಾಗಿಂದ ಕಸಗೊಂಡು ಮೊನ್ನೆ ಬಂದ ಹುಡುಗಗ ಕೊಟ್ಟಾರ. ಯಾಕ ಕೊಟ್ರು ಅಂತ ತಿಳೀಲಾರದಷ್ಟು ದಡ್ಡರೇನ್ ನಮ್ಮ ಮಂದಿ? ಚಾದ ಅಂಗಡಿಗೆ ಹೋದ್ರ, ‘ಬಡಿಗೇರ್, ಹಳದಿ ಬಂತಂತ ನಿಮಗ?’ ಅಂತಾರ. ಮೈನೆರೆದ ಹುಡುಗಿಗೆ ಕೇಳಿದಂಗ ಕೇಳ್ತಾರ.”

ಇನಾಮದಾರನಿಗೆ ನಗು ಬಂತು. ಕೆಮ್ಮಿ ನುಂಗಿಕೊಂಡ.

ಮ್ಯಾನೇಜರನ ಕೋಣೆಗೂ ಡ್ರೈವರುಗಳ ಮೂತ್ರಾಲಯಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯ ಆಚೆ ಬದಿಯಲ್ಲಿ, ಬಿಳಿ ಟೈಲುಗಳ ಹಿಂದೆ, ಡಾ. ಮೇದಿನಿ ಪತ್ತಾರಳ ಯಂತ್ರವಿತ್ತು. ಈಗಷ್ಟೇ ಯಾರೋ ಒಳಗೆ ಹೋಗಿರಬೇಕು. ಅವಳ ತೊಡೆಯ ಮೇಲಿದ್ದ ಹಲಗೆಯಂಥ ತೆಳು ಪರದೆಯ ಮೇಲೆ ಒಂದು ಗೆರೆ ಎದ್ದಿತು, ಗುಡ್ಡದಂತೆ ಏರಿ ಇಳಿದು ಹಸಿರಾಗಿ ನಿಂತಿತು. ಮೇದಿನಿಯ ಕಣ್ಣು ತಾನಾಗಿಯೇ ಅತ್ತ ಹೋಯಿತು.

“ನೋಡು. ನಾ ಇಲ್ಲಿ ಮಾತಾಡಾಕತ್ತೀನಿ. ನೀ ಅದನ್ನ ನೋಡ್ತಿ.”

ಅವಳು ಪರದೆಯನ್ನು ಬೋರಲು ಹಾಕಿದಳು.

ಯಂತ್ರದ ಹೆಸರು ಕಾಗದದ ಮೇಲೆ ಶ್ರವಣ ಫಲಕ. ಡಿಪೋದವರು ಇಟ್ಟ ಹೆಸರು ಕಿವಿಗ್ವಾಡಿ. ಅದು ಮಾಡುವ ಕೆಲಸವನ್ನು ತಿಳಿಯಬೇಕಾದರೆ ಗಂಡಸಿನ ದೇಹದ ಒಂದು ಸಣ್ಣ ಸಂಗತಿ ಗೊತ್ತಿರಬೇಕು. ಮೂತ್ರಕೋಶದ ಬಾಯಿಯ ಸುತ್ತ ಪ್ರೊಸ್ಟೇಟ್ ಎಂಬ ಗ್ರಂಥಿ ಇದೆ. ಯೌವನದಲ್ಲಿ ಅಡಕೆಯಷ್ಟಿರುವ ಅದು ವಯಸ್ಸಾದಂತೆ ಉಬ್ಬುತ್ತದೆ. ಉಬ್ಬಿ, ತನ್ನ ನಡುವೆ ಹಾದುಹೋಗುವ ಮೂತ್ರದ ದಾರಿಯನ್ನು ಅದುಮುತ್ತದೆ. ಧಾರೆ ಸಣ್ಣಗಾಗುತ್ತದೆ, ತಡೆದು ತಡೆದು ಬರುತ್ತದೆ. ಒಳಗೆ ಉಳಿದ ಮೂತ್ರ ಹಿಂದಕ್ಕೆ ಒತ್ತಿ ಒತ್ತಿ ಕೊನೆಗೆ ಕಿಡ್ನಿಯನ್ನೇ ಕೆಡಿಸುತ್ತದೆ.

ಆದರೆ ಧಾರೆ ಸಣ್ಣಗಾದವರಿಗೆಲ್ಲ ದಾರಿ ಕಟ್ಟಿದೆ ಎಂದಲ್ಲ. ಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಎರಡು ಕಾರಣ ಇರಬಹುದು. ಪೈಪಿನಲ್ಲಿ ಕಸ ಕಟ್ಟಿರಬಹುದು, ಇಲ್ಲವೇ ಮೇಲಿನ ಪಂಪಿಗೆ ತಳ್ಳುವ ಶಕ್ತಿ ಇಲ್ಲದಿರಬಹುದು. ಕೆಲವರ, ಅದರಲ್ಲೂ ಸಕ್ಕರೆ ಕಾಯಿಲೆಯವರ, ಮೂತ್ರಕೋಶದ ಸ್ನಾಯುವೇ ಸೋತಿರುತ್ತದೆ. ಪೈಪು ಕಟ್ಟಿದ್ದರೆ ಆಪರೇಶನ್ನಿನಿಂದ ಗುಣವಾಗುತ್ತದೆ. ಪಂಪು ಸೋತಿದ್ದರೆ ಆಪರೇಶನ್ನಿನಿಂದ ಕೆಡುಕೇ ಹೆಚ್ಚು. ಎರಡನ್ನೂ ಬೇರೆ ಮಾಡಿ ತಿಳಿಯಲು ಹಿಂದಿನ ಕಾಲದಲ್ಲಿ ಇದ್ದದ್ದು ಒಂದೇ ನೆಚ್ಚಬಹುದಾದ ದಾರಿ. ಮುಂದಿನಿಂದ ಒಂದು ನಳಿಕೆ, ಹಿಂದಿನಿಂದ ಒಂದು ನಳಿಕೆ ತೂರಿಸಿ, ಯಂತ್ರಕ್ಕೆ ಕಟ್ಟಿ, ಗುರುತಿಲ್ಲದವರ ಎದುರಿಗೆ ‘ಈಗ ಮೂತ್ರ ಮಾಡಿ’ ಎನ್ನುತ್ತಿದ್ದರು.

ಮೇದಿನಿಯ ಅಪ್ಪ, ಅಕ್ಕಸಾಲಿಗ ಕಾಳಪ್ಪ ಪತ್ತಾರ, ಆ ನಳಿಕೆಗಳ ಮಾತು ಕೇಳಿ ಆಸ್ಪತ್ರೆಯಿಂದ ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಬಚ್ಚಲಿನಿಂದ ಬಿಟ್ಟು ಬಿಟ್ಟು ಬರುವ ಸದ್ದನ್ನು ಪಕ್ಕದ ಕೋಣೆಯಲ್ಲಿ ಓದುತ್ತ ಕುಳಿತ ಹುಡುಗಿ ಮೇದಿನಿ ಎಷ್ಟೋ ಸಲ ಕೇಳಿಸಿಕೊಂಡಿದ್ದಳು. ಅವಳು ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ಅಪ್ಪನ ಎರಡೂ ಕಿಡ್ನಿ ಹೋದವು. ಸತ್ತಾಗ ಅವನಿಗೆ ಐವತ್ತೆಂಟು.

ಆ ಸದ್ದೇ ಮುಂದೆ ಅವಳ ಸಂಶೋಧನೆಯಾಯಿತು. ಕಿರಿದಾದ ಸಂದಿಯಲ್ಲಿ ನೀರು ನುಗ್ಗಿದರೆ ಸುಯ್ಯೆನ್ನುತ್ತದೆ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳಿಟ್ಟವರಿಗೆಲ್ಲ ಅದು ಗೊತ್ತು. ದೇಹದ ಒಳಗೂ ಹಾಗೇ. ಆ ಸುಯ್ಯೆಂಬ ಸದ್ದು ಎಲುಬಿನ ಮೂಲಕ ಪಾದದವರೆಗೂ ಇಳಿಯುತ್ತದೆ, ನಮ್ಮ ಕಿವಿಗೆ ಮಾತ್ರ ಕೇಳಿಸುವುದಿಲ್ಲ. ನಿಲ್ಲುವ ಕಟ್ಟೆಯ ಮೇಲೆ ಮೇದಿನಿ ಎರಡು ಪಾದದ ತಟ್ಟೆ ಕೂರಿಸಿದಳು. ಅವು ಒಳಗಿನ ಸದ್ದಿನಿಂದ ಒತ್ತಡವನ್ನು ಅಳೆದವು. ಗೋಡೆ ಹೊರಗಿನ ಧಾರೆಯ ಸದ್ದಿನಿಂದ ಹರಿವನ್ನು ಅಳೆಯಿತು. ಒತ್ತಡ ಹೆಚ್ಚು, ಹರಿವು ಕಡಿಮೆ ಇದ್ದರೆ ದಾರಿ ಕಟ್ಟಿದೆ. ಆಗ ಹಳದಿ. ಎರಡೂ ಕಡಿಮೆ ಇದ್ದರೆ ಸ್ನಾಯು ಸೋತಿದೆ. ಆಗ ನೀಲಿ, ಅದಕ್ಕೆ ಔಷಧಿ ಸಾಕು. ಸೂಜಿ ಇಲ್ಲ, ನಳಿಕೆ ಇಲ್ಲ, ಬಟ್ಟೆ ಬಿಚ್ಚಬೇಕಿಲ್ಲ. ಕ್ಯಾಮೆರಾವನ್ನಂತೂ ಅವಳು ಹತ್ತಿರ ಬಿಟ್ಟುಕೊಳ್ಳಲಿಲ್ಲ. ‘ಯಾರೂ ವಿಚಾರಿಸುವುದಿಲ್ಲ, ನೀವು ಬಾಯಿ ಬಿಡಬೇಕಾಗಿಲ್ಲ’ ಎಂದು ಮೂತ್ರಾಲಯದ ಬಾಗಿಲ ಮೇಲೆ ಅವಳೇ ಬರೆಸಿದ್ದಳು. ಅಪ್ಪನಂಥವರಿಗಾಗಿ ಬರೆಸಿದ ಮಾತು ಅದು.

ಹುಲಗಿನಾಳ ಸಾರಿಗೆ ಸಹಕಾರಿ ತನ್ನ ಡಿಪೋಗಳಿಗೆಲ್ಲ ಈ ಗೋಡೆ ಹಾಕಿಸಿತು. ಬಸ್ಸುಗಳು ಅರ್ಧ ತಾವೇ ಓಡುತ್ತಿದ್ದರೂ ಕುರಿ ಹಿಂಡು ಅಡ್ಡ ಬಂದಾಗ ಏನು ಮಾಡಬೇಕೆಂದು ಅವಕ್ಕೆ ಇನ್ನೂ ತಿಳಿದಿರಲಿಲ್ಲ. ಆದ್ದರಿಂದ ಡ್ರೈವರ್ ಬೇಕಿತ್ತು, ಆರೋಗ್ಯವಂತ ಡ್ರೈವರ್ ಬೇಕಿತ್ತು. ಹಳದಿ ಬಂದವನು ಚಿಕಿತ್ಸೆ ಮಾಡಿಸಿಕೊಂಡು ಬರುವವರೆಗೆ ದೂರದ ಗಾಡಿ ಹತ್ತುವಂತಿಲ್ಲ ಎಂದು ನಿಯಮ ಮಾಡಿದರು. ಮೌನೇಶನಿಗೆ ಹಳದಿ ಬಂದದ್ದು ಮೂರನೆಯ ಸಲ.

“ಮಾಮಾ, ಜಿಲ್ಲಾ ಆಸ್ಪತ್ರ್ಯಾಗ ಹೇಳೀನಿ. ಲೇಸರ್ ಹಚ್ಚಿ ದಾರಿ ಬಿಡಸ್ತಾರ. ಎರಡ ದಿನಾ ಇದ್ದು ಮನಿಗೆ ಬರೂದು.”

“ನನಗ ಕಟ್ಟಿಲ್ಲ ಅಂತ ಹೇಳಾಕತ್ತೀನಿ. ನಾ ಮುಕ್ಕೂದಿಲ್ಲ, ತಿಣಕೂದಿಲ್ಲ. ಬರೂದ ಮೆಲ್ಲಗ ಬರ್ತೈತಿ. ಸಕ್ಕರಿ ಬ್ಯಾನಿ ಹತ್ತಿದಾಗಿಂದ ಹಂಗ ಐತಿ.”

“ಅದು ನಿನಗ ಗೊತ್ತಾಗೂದಿಲ್ಲ. ಒಳಗಿನ ಒತ್ತಡ ಗ್ವಾಡಿಗೆ ಗೊತ್ತಾಗ್ತೈತಿ.”

“ಮೈ ನಂದೋ, ಗ್ವಾಡೀದೋ?”

“ಅಪ್ಪನೂ ಹಿಂಗ ಅಂತಿದ್ದ,” ಎಂದಳು ಮೇದಿನಿ. ಅವಳ ದನಿಯೂ ಈಗ ಏರಿತ್ತು. “ನನಗೇನೂ ಆಗಿಲ್ಲ, ನನಗೇನೂ ಆಗಿಲ್ಲ. ಹಿಂಗ ಅನಕೋತ ಹ್ವಾದ. ಅವನ ಚಟ್ಟಕ್ಕ ಹೆಗಲ ಕೊಟ್ಟಾಂವ ನೀನ. ಮತ್ತ ಈಗ ಅದನ್ನ ನಿನ್ನ ಬಾಯಿಲೆ ಕೇಳೂದೇನ್ ನಾ?”

ಮೌನೇಶ ಮೇಜಿನ ಮೇಲಿನ ಕೈ ಹಿಂದೆಗೆದ. ಅಪ್ಪ ಸತ್ತ ಮೇಲೆ ಅವಳನ್ನು ಕಾಲೇಜಿಗೆ ಸೇರಿಸಿದವನು ಅವನು. ಅವಳ ಪರೀಕ್ಷೆಯ ದಿನ ಬಸ್ಸನ್ನು ಕಾಲೇಜಿನ ಗೇಟಿನವರೆಗೂ ಒಯ್ದು, ಮೇಲಿನವರಿಂದ ಬೈಸಿಕೊಂಡವನು. ಅವಳು ಡಾಕ್ಟರೇಟ್ ಪಡೆದಾಗ ಡಿಪೋದವರಿಗೆಲ್ಲ ಪೇಢೆ ಹಂಚಿ, ‘ನಮ್ಮ ಹುಡುಗಿ ಉಚ್ಚಿ ಡಾಕ್ಟರ್ ಆಗ್ಯಾಳ’ ಎಂದು ನಗಿಸಿದವನು. ಈ ಡಿಪೋಗೆ ಮೊದಲು ಗೋಡೆ ಹಾಕಿಸಲು ಸಹಕಾರಿಯವರ ಬೆನ್ನು ಬಿದ್ದವನೂ ಅವನೇ.

“ಆತು. ನಿನ್ನ ಸಲುವಾಗಿ ಮಾಡಿಸ್ಕೋತೀನಿ,” ಎಂದ. “ಗ್ವಾಡಿ ಸಲುವಾಗಿ ಅಲ್ಲ.”

ಆಸ್ಪತ್ರೆಯವರು ಗೋಡೆಯ ವರದಿ ನೋಡಿದರು, ಆಪರೇಶನ್ ಮಾಡಿದರು. ಹಳೆಯ ನಳಿಕೆಯ ಪರೀಕ್ಷೆಯನ್ನು ಆ ಹೊತ್ತಿಗೆ ಯಾರೂ ಮಾಡುತ್ತಿರಲಿಲ್ಲ. ಮಾಡಲು ಬರುವವರೂ ಕಡಿಮೆಯಾಗಿದ್ದರು. ಕೆಲಸ ಅಚ್ಚುಕಟ್ಟಾಗಿಯೇ ಆಯಿತು. ಆದರೆ ಮನೆಗೆ ಬಂದ ಮೇಲೆ ಧಾರೆ ಮೊದಲಿನಷ್ಟೇ ಸಣ್ಣಗೆ ಬಂತು. ಹೊಸದಾಗಿ ಬಂದದ್ದು ಒಂದೇ. ಕೆಮ್ಮಿದರೆ, ಎದ್ದರೆ, ಬಗ್ಗಿದರೆ ತಿಳಿಯದಂತೆ ಸೋರುತ್ತಿತ್ತು. ‘ಸ್ವಲ್ಪ ದಿನ ಇರುತ್ತೆ, ಹೋಗುತ್ತೆ’ ಎಂದರು ಡಾಕ್ಟರು. ದಿನಗಳು ಹೋದವು, ಸೋರುವುದು ಹೋಗಲಿಲ್ಲ.

ಕೆಲಸಕ್ಕೆ ಮರಳುವ ಮೊದಲು ಗೋಡೆಯ ಒಪ್ಪಿಗೆ ಬೇಕಿತ್ತು. ಮೌನೇಶ ಡಿಪೋಗೆ ಹೋಗಿ ಪರೀಕ್ಷೆ ಕೊಟ್ಟ. ಹಳದಿ ಬಂತು.

ಇನಾಮದಾರ ಒಳ್ಳೆಯ ಮನುಷ್ಯ. ಆಪರೇಶನ್ ಆಗಿದೆಯಲ್ಲ ಎಂದು ತನ್ನ ಜವಾಬ್ದಾರಿಯ ಮೇಲೆ ಹುಬ್ಬಳ್ಳಿ ಗಾಡಿ ಕೊಟ್ಟ. ಮೌನೇಶ ಅದನ್ನು ಒಂದೇ ದಿನ ಓಡಿಸಿದ. ವಾಪಸು ಬರುವಾಗ ಕುರಿ ಅಡ್ಡ ಬಂದು ಬ್ರೇಕ್ ಒತ್ತಿದಾಗ ಸೀಟು ಒದ್ದೆಯಾಯಿತು. ಮುಂದಿನ ಸೀಟಿನಲ್ಲಿದ್ದ ಹೆಣ್ಣುಮಗಳೊಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅವನು ಹೆಗಲ ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು ಗಾಡಿಯನ್ನು ಡಿಪೋದವರೆಗೆ ತಂದ. ಬಕೀಟು ತಂದು ಸೀಟನ್ನು ತಾನೇ ತೊಳೆದ. ಬ್ಯಾಡ್ಜ್ ಬಿಚ್ಚಿ ಇನಾಮದಾರನ ಮೇಜಿನ ಮೇಲಿಟ್ಟು ಮನೆಗೆ ನಡೆದ. ಹತ್ತು ಜನ ಕರೆದರೂ ತಿರುಗಿ ನೋಡಲಿಲ್ಲ.

ಮೇದಿನಿ ಮೊದಲು ನಂಬಿದ್ದು ಗೋಡೆಯನ್ನೇ. ಆಪರೇಶನ್ ಆದ ಜಾಗ ಮತ್ತೆ ಮಾಯ್ದು ಕಟ್ಟಿರಬೇಕು ಎಂದುಕೊಂಡಳು. ಮಾಮನನ್ನು ಕಾಡಿ ಬೇಡಿ ಆಸ್ಪತ್ರೆಗೆ ಕರೆದೊಯ್ದು ಮೂತ್ರದ ದಾರಿಗೆ ದುರ್ಬೀನು ಹಾಕಿಸಿ ನೋಡಿಸಿದಳು. ಒಳಗೆ ದಾರಿ ಬಯಲಿನಂತೆ ಬಿಚ್ಚಿಕೊಂಡಿತ್ತು. ಕಟ್ಟುವುದಕ್ಕೆ ಅಲ್ಲಿ ಏನೂ ಉಳಿದೇ ಇರಲಿಲ್ಲ.

ದಾರಿ ತೆರೆದಿದೆ, ಗೋಡೆ ಮುಚ್ಚಿದೆ ಎನ್ನುತ್ತದೆ. ಎರಡೂ ನಿಜವಾಗಲಾರವು. ಯಂತ್ರ ತಪ್ಪಿರಬಹುದು ಎಂಬ ಯೋಚನೆ ಅವಳಿಗೆ ಬಂದದ್ದು ಆಗ. ಎಲ್ಲಕ್ಕಿಂತ ಮೊದಲು ಬರಬೇಕಾದದ್ದು ಎಲ್ಲಕ್ಕಿಂತ ಕೊನೆಗೆ ಬಂತು. ಓದಿದವರಿಗೆ ತಮ್ಮ ಕೈಯ ಕೆಲಸದ ಮೇಲೆ ಇರುವ ಕುರುಡು ಪ್ರೀತಿಗೆ ಔಷಧಿ ಇಲ್ಲ.

ಹುಡುಕಿದಳು. ನಗರದ ಆಸ್ಪತ್ರೆಯಲ್ಲಿ ಎಂಟುನೂರು ಗಂಡಸರ ಮೇಲೆ ಗೋಡೆಯನ್ನು ನಳಿಕೆಯ ಪರೀಕ್ಷೆಗೆ ಹೋಲಿಸಿ ನೋಡಿದ್ದಳು. ಅಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಹಳದಿ. ಹುಲಗಿನಾಳದಲ್ಲಿ ವಯಸ್ಸಾದ ಡ್ರೈವರುಗಳಲ್ಲಿ ಮೂವರಲ್ಲಿ ಇಬ್ಬರಿಗೆ ಹಳದಿ. ಈ ವ್ಯತ್ಯಾಸ ಅವಳಿಗೆ ಹಿಂದೆಯೇ ಕಂಡಿತ್ತು. ಡ್ರೈವರುಗಳು ಗಂಟೆಗಟ್ಟಲೆ ತಡೆದು ಕೂರುವುದರಿಂದ ಹೀಗಾಗುತ್ತದೆ ಎಂದು ಒಂದು ಸಮ್ಮೇಳನದಲ್ಲಿ ಹೇಳಿ ಚಪ್ಪಾಳೆಯನ್ನೂ ಪಡೆದಿದ್ದಳು. ಈಗ ಅದೇ ಅಂಕಿ ಅವಳನ್ನು ಚುಚ್ಚತೊಡಗಿತು. ತನ್ನ ಎಂಜಿನಿಯರ್ ಆರವ್‌ನನ್ನು ಕಳಿಸಿ ಗೋಡೆಯನ್ನೆಲ್ಲ ಬಿಚ್ಚಿ ನೋಡಿಸಿದಳು. ಒಂದು ತಂತಿಯೂ ಸಡಿಲವಿರಲಿಲ್ಲ.

“ಇವರು ಒಳಗೆ ಹೋಗಿ ಬೇರೆ ಏನಾದರೂ ಮಾಡುತ್ತಾರಾ?” ಎಂದು ಕೇಳಿದಳು.

“ಎಲ್ಲರೂ ಮಾಡೋದನ್ನೇ ಮಾಡ್ತಾರೆ ಮೇಡಂ,” ಎಂದ ಆರವ್. ನಗರದಲ್ಲಿ ಹುಟ್ಟಿ ಬೆಳೆದವನು. “ಆದರೆ ನಾನು ಒಳಗಿದ್ದಾಗ ಹಿರಿಯರು ಯಾರೂ ಬರಲ್ಲ. ಬಾಗಿಲವರೆಗೆ ಬಂದು ವಾಪಸ್ ಹೋಗ್ತಾರೆ. ನಾಚಿಕೆ ಇರಬೇಕು.”

ಮೇದಿನಿಗೆ ಉಳಿದದ್ದು ಒಂದೇ ದಾರಿ, ಕೇಳುವುದು. ಅದು ಹೇಳಿದಷ್ಟು ಸುಲಭವಿರಲಿಲ್ಲ. ಪತ್ತಾರರ ಮನೆಯಲ್ಲಾಗಲಿ ಬಡಿಗೇರರ ಮನೆಯಲ್ಲಾಗಲಿ ಹೆಣ್ಣುಮಕ್ಕಳು ಗಂಡಸರನ್ನು ಈ ವಿಷಯ ಕೇಳಿದ್ದಿಲ್ಲ, ಗಂಡಸರು ಹೇಳಿದ್ದಿಲ್ಲ. ಮಾಮನ ಮೂತ್ರದ ಹರಿವು ಕ್ಷಣಕ್ಕೆ ಎಷ್ಟೆಂದು ಅವಳಿಗೆ ಬಾಯಿಪಾಠವಿತ್ತು. ಅದರ ಬಗ್ಗೆ ಮಾಮನ ಜೊತೆ ಗೋಡೆಯ ಮಾತು ಬಿಟ್ಟು ಒಂದು ಸಾದಾ ಮಾತೂ ಆಡಿರಲಿಲ್ಲ.

ಶ್ರಾವಣ ಬಂತು. ಪಂಚಮಿಗೆ ತವರಿನವರು ಹೆಣ್ಣುಮಗಳನ್ನು ಕರೆಯಲು ಬರುವುದು ಆ ಕಡೆಯ ವಾಡಿಕೆ. ಮೇದಿನಿಯ ಅವ್ವ ಶೈಲಾಗೆ ಈಗ ಎಪ್ಪತ್ತು ದಾಟಿದೆ. ಆದರೂ ಪ್ರತಿ ವರ್ಷ ತಮ್ಮ ಮೌನೇಶ ಬಂದು ಕರೆದೊಯ್ಯದೆ ಇರಲಿಲ್ಲ. ಈ ಸಲವೂ ಬಂದ. ಅಕ್ಕನ ಕೈಚೀಲ ಬೆಳಿಗ್ಗೆಯೇ ತುಂಬಿ ಬಾಗಿಲ ಬಳಿ ಕುಳಿತಿತ್ತು.

“ಉಂಡ ಹೋಗೂಣು. ಕುಂದ್ರು, ಬಂದೆ,” ಎಂದು ಶೈಲಾ ಅಡುಗೆಮನೆಗೆ ಹೋದಳು.

ಪಡಸಾಲೆಯಲ್ಲಿ ಮೆತ್ತೆ ಹಾಕಿದ ಕುರ್ಚಿಗಳಿದ್ದವು. ಮೌನೇಶ ಅವುಗಳ ಹತ್ತಿರ ಹೋಗಲಿಲ್ಲ. ಗೋಡೆಗೆ ಒರಗಿಸಿದ್ದ ಮರದ ಮಣೆಯೊಂದನ್ನು ಎಳೆದುಕೊಂಡು ಕುಳಿತ. ಮರವನ್ನಾದರೆ ಒರೆಸಬಹುದು. ಮೇದಿನಿ ಅದನ್ನು ನೋಡಿದಳು. ನೋಡಿದ್ದು ಅವನಿಗೂ ತಿಳಿಯಿತು.

“ಮಾಮಾ, ಒಂದ್ ಕೇಳ್ಲಿ?”

“ಕೇಳು.”

ಅವಳು ಕೆಳಗೆ ನೋಡಿದಳು. ಮತ್ತೆ ಮೇಲೆ ನೋಡಿದಳು.

“ಕೇಳೂದಾದ್ರ ಕೇಳು, ಇಲ್ಲಾ ಹೋಗಿ ನಿಮ್ಮವ್ವಗ ಕೈ ಹಚ್ಚು. ಹಸಿವಾಗೇತಿ.”

“ಡಿಪೋದಾಗ ನೀ ಒಳಗ ಹೋದಾಗ... ನಿಂತ ಹೊಯ್ತಿಯೋ, ಕುಂತೋ?”

ಅಡುಗೆಮನೆಯಲ್ಲಿ ಕಡುಬು ತೆಗೆಯುವ ಜಾರಿ ಸೌಟಿನ ಸದ್ದು ನಿಂತಿತು. ಮೌನೇಶ ಸೊಸೆಯ ಮುಖವನ್ನೇ ನೋಡಿದ. ಅವನ ಕಿವಿಗಳು ಕೆಂಪಾದವು.

“ಇದೇನ್ ಹುಚ್ಚ ಹಿಡಿದೇತೇನ್ ನಿನಗ?”

“ಬೇಕಾಗೇತಿ ಮಾಮಾ. ಹೇಳು.”

“ಕುಂತ. ಮತ್ತ್ಹೆಂಗ ಹೊಯ್ತಾರ ಮನಶ್ಯಾರು? ನಿಂತದ್ದ ಕಂಡ್ರ ನಮ್ಮಪ್ಪ ಉಳಿ ಹಿಡಿಕೀಲ ಬಾರಸ್ತಿದ್ದ. ದನಾ ನಿಂತ ಹೊಯ್ತಾವ, ನೀ ದನಾ ಏನ್ಲೇ ಅಂತಿದ್ದ. ಇವತ್ತಿಗೂ ದರ್ಜಿಗೆ ಹೇಳಿ ಪ್ಯಾಂಟ್ ಮೊಣಕಾಲಿನ್ಯಾಗ ಸಡ್ಲ ಹೊಲಸ್ತೀನಿ, ಕುಂದ್ರಾಕ ಬರಲಿ ಅಂತ.”

“ನೀನೊಬ್ಬನ?”

“ಹಳ್ಳಿಯಿಂದ ಬಂದ ಹಿರೇರು ಎಲ್ಲಾ. ಆ ಕಟ್ಟಿ ಮ್ಯಾಲ ಕುಂತ್ರ ಚೊಲೋ ಆಗ್ತೈತಿ. ಹುಡುಗೂರು ನಿಂತ ಹೊಯ್ದು ಕಾಲಿಗೆಲ್ಲಾ ಸಿಡಿಸ್ಕೋತಾವ.” ಅವನು ಮಣೆಯ ಮೇಲೆ ಮುಂದಕ್ಕೆ ಸರಿದ. “ಯಾಕ? ಅದಕೇನಾತು?”

ಮೇದಿನಿಗೆ ಅಷ್ಟು ಹೊತ್ತಿಗೆ ಎಲ್ಲ ತಿಳಿದಿತ್ತು. ತಿಳಿಯಲು ಯಾವ ಲೆಕ್ಕವೂ ಬೇಕಾಗಲಿಲ್ಲ. ಕುಕ್ಕರಗಾಲಿನಲ್ಲಿ ಕೂತಾಗ ತೊಡೆಗಳು ಮಡಚಿ ಹೊಟ್ಟೆಯನ್ನು ಒತ್ತುತ್ತವೆ. ಹೊಟ್ಟೆ ಮೂತ್ರಕೋಶವನ್ನು ಒತ್ತುತ್ತದೆ. ಸೋತ ಸ್ನಾಯುವಿಗೆ ಅದು ಸಹಾಯವೇ. ಆದರೆ ಪಾದದ ತಟ್ಟೆಗೆ ಗೊತ್ತಾಗುವುದು ಒತ್ತಡ ಹೆಚ್ಚಿದೆ ಎಂಬುದಷ್ಟೇ. ಅದು ತೊಡೆಯದೋ ಮೂತ್ರಕೋಶದ್ದೋ ಎಂದು ಅದು ತಿಳಿಯದು. ಅವಳ ಎಂಟುನೂರು ಗಂಡಸರೂ ನಗರದವರು, ಎಲ್ಲರೂ ನಿಂತವರು. ಗಂಡಸು ಎಂದರೆ ನಿಂತು ಮೂತ್ರ ಮಾಡುವವನು ಎಂದೇ ಗೋಡೆ ಕಲಿತಿತ್ತು. ಹುಲಗಿನಾಳದವರು ಕುಳಿತರು. ಪಂಪು ಸೋತವರನ್ನೆಲ್ಲ ಅದು ಪೈಪು ಕಟ್ಟಿದವರೆಂದು ಓದಿತು.

ಇದನ್ನು ಅವಳು ಮಾಮನಿಗೆ ಹೇಳಿದಳು. ಸುತ್ತಿ ಬಳಸಿ ಹೇಳಲಿಲ್ಲ. ಕೊನೆಗೆ, “ನಿನಗ ಕಟ್ಟಿದ್ದಿಲ್ಲ ಮಾಮಾ. ಆಪರೇಶನ್ ಬೇಕಾಗಿದ್ದಿಲ್ಲ,” ಎಂದಳು.

“ಅದನ್ನ ಅವತ್ತ ನಾ ಅಂದಿದ್ದೆ.”

“ಅಂದಿದ್ದಿ.”

“ಮುಕ್ಕೂದಿಲ್ಲ, ತಿಣಕೂದಿಲ್ಲ ಅಂದಿದ್ದೆ. ಸಕ್ಕರಿ ಬ್ಯಾನಿ ಸುದ್ದಿನೂ ಹೇಳಿದ್ದೆ. ನೀ ಏನಂದಿ? ನಿಮ್ಮಪ್ಪನ ಹೆಣಾ ತಂದು ನನ್ನ ಮುಂದ ಇಟ್ಟಿ.”

ಅವನು ಕೂಗುತ್ತಿರಲಿಲ್ಲ. ಅವಳಿಗೆ ಅದು ಹೆಚ್ಚು ಕಷ್ಟವಾಯಿತು.

“ಗ್ವಾಡೀನ ಸುದ್ದ ಮಾಡ್ತೀನಿ,” ಎಂದಳು. “ಸೋರೂದಕ್ಕೂ ದಾರಿ ಐತಿ. ಮೂತ್ರದ ದಾರಿಗೆ ಒಳಗ ಆಸರಿಗೆ ಸಣ್ಣ ಪಟ್ಟಿ ಹಾಕ್ತಾರ, ಪೂರ್ತಿ ನಿಲ್ಲಲಿಕ್ಕಿಲ್ಲ, ಕಡಿಮಿ ಆಗ್ತೈತಿ. ನಾನ ಬರ್ತೀನಿ ನಿನ್ನ ಜೋಡಿ.”

“ನಂದಿರಲಿ. ನಮ್ಮ ಡಿಪೋದಾಗ ಇನ್ನೂ ಎಷ್ಟ ಮಂದಿನ್ನ ಕೊಯ್ಸಿದಿ?”

“ಆರು ಮಂದಿ.”

“ಅವರ ಹೆಸರ ಹೇಳು.”

ಅವಳಿಗೆ ಆರು ಗೆರೆಗಳು ಗೊತ್ತಿದ್ದವು. ಪ್ರತಿ ಗೆರೆಯ ಏರು ಇಳಿತ ಗೊತ್ತಿತ್ತು. ಹೆಸರುಗಳು ಗುಟ್ಟಾಗಿರಲೆಂದು, ಡಿಪೋ ಡಾಕ್ಟರಿಗೆ ಬಿಟ್ಟು ತನ್ನ ಪರದೆಗೂ ಬರದಂತೆ ತಾನೇ ಮಾಡಿದ್ದಳು.

“ಗೊತ್ತಿಲ್ಲ,” ಎಂದಳು.

“ಹುಚ್ಚಪ್ಪ ಮಾದರ ಅಂತ ಒಬ್ಬಾಂವ. ಭಜನಿ ಮ್ಯಾಳದಾಗ ಏಕತಾರಿ ಹಿಡೀತಿದ್ದ. ಈಗ ಮನಿ ಬಿಟ್ಟು ಹೊರಗ ಬರೂದಿಲ್ಲ. ಮೊಮ್ಮಗಳ ಲಗ್ನದಾಗ ಒಳಗ ಬಾಗಿಲ ಹಾಕ್ಕೊಂಡ ಕುಂತಿದ್ದ. ನಾ ಕಿಡಕ್ಯಾಗಿಂದ ಮಾತಾಡಿಸಿ ಬಂದೆ. ಉಳಿದವ್ರನ್ನ ಹುಡುಕೂದು ನಿನ್ನ ಕೆಲಸ. ಒಬ್ಬೊಬ್ಬರ ಮನಿಗೆ ಹೋಗು. ಈಗ ನನ್ನ ಕೇಳಿದ್ಯಲ್ಲಾ, ಹಿಂಗ ಕೇಳು. ಏನ್ ಬೈತಾರ, ಬೈಸಿಕೋ.”

“ಹೋಗ್ತೀನಿ.”

“ಹೋಗು.”

ಅವನು ಮೊಣಕಾಲಿಗೆ ಕೈಕೊಟ್ಟು ಎದ್ದ. ಎದ್ದವನು ಹೆಗಲ ಮೇಲಿನ ಟವೆಲ್ ತೆಗೆದು ಮಣೆಯನ್ನು ಒರೆಸಿದ. ಒಣಗಿತ್ತೋ ಒದ್ದೆಯಿತ್ತೋ ಮೇದಿನಿ ನೋಡಲಿಲ್ಲ. ಮಣೆಯನ್ನು ತಿರುಗಿಸಿ ಹಿಂಬದಿಯನ್ನೂ ಒರೆಸಿ, ಮೊದಲಿದ್ದ ಜಾಗದಲ್ಲಿ ಗೋಡೆಗೆ ಒರಗಿಸಿದ.

“ಹಿತ್ತಲಕ ಹೋಗಿ ಬರ್ತೀನಿ,” ಎಂದು ಹೊರಟ.

ಶೈಲಾ ಮೂರು ತಾಟು ತಂದು ಇಟ್ಟಳು. ಕಡುಬು ಬಡಿಸಿದಳು, ಅದರ ಮೇಲೆ ತುಪ್ಪ ಹಾಕಿದಳು. ತಮ್ಮನ ತಾಟಿಗೆ ಒಂದು ಚಮಚ ಹೆಚ್ಚು. ಸಕ್ಕರೆ ಕಾಯಿಲೆ ಎಂದು ಬೈಯುತ್ತಲೇ ಒಂದು ಕಡುಬು ಹೆಚ್ಚು ಹಾಕಿದಳು. ಇಬ್ಬರೂ ಕಾದರು.

“ನಿಮ್ಮಪ್ಪನೂ ಕುಂತ ಹೊಯ್ತಿದ್ದ,” ಎಂದಳು ಶೈಲಾ, ತಾಟಿನ ಮೇಲೆ ಕೂರುವ ನೊಣ ಓಡಿಸುತ್ತ.

“ಇಷ್ಟ ವರ್ಷ ಇದನ್ನ ಮಾಡಾಕತ್ತೀನಿ. ನೀ ಒಂದಿನಾರ ಹೇಳಲಿಲ್ಲ.”

“ನೀ ಯಾವತ್ತ ಕೇಳಿದಿ? ಅದೇನ್ ಹೇಳೂ ಮಾತೇನ್?”

ಮೇದಿನಿ ಅವ್ವನ ಮುಖ ನೋಡಿದಳು. “ಅಪ್ಪ ಅಷ್ಟ ಸಲ ಎದ್ದ ಹೋಗ್ತಿದ್ದ. ನೀ ಅವನ್ನ ಕೇಳಿದ್ಯೇನ್, ಯಾಕ ಅಂತ?”

ಶೈಲಾ ತಲೆಯಾಡಿಸಿದಳು. ಇಲ್ಲ.

“ನೀ?”

ಮೇದಿನಿಯೂ ಇಲ್ಲವೆಂದು ತಲೆಯಾಡಿಸಿದಳು. ಅವಳು ಕೇಳಿಸಿಕೊಂಡಿದ್ದಳು ಅಷ್ಟೇ. ಎರಡು ಸಾವಿರದ ಇಪ್ಪತ್ತರ ದಶಕದ ಆ ಮನೆಯಲ್ಲಿ ತೆಳ್ಳನೆಯ ಒಂದು ಗೋಡೆಯ ಈಚೆ ಪುಸ್ತಕ ಹಿಡಿದು ಕುಳಿತು, ಬಿಟ್ಟು ಬಿಟ್ಟು ಬರುವ ಸದ್ದನ್ನು ಕೇಳಿಸಿಕೊಂಡು, ಮತ್ತೆ ಪುಟ ತಿರುಗಿಸಿದ್ದಳು. ಆಗ ಪಾದದ ತಟ್ಟೆ ಇರಲಿಲ್ಲ, ಕಿವಿಯಿರುವ ಟೈಲು ಇರಲಿಲ್ಲ. ಅಪ್ಪ ಇದ್ದ. ಬಚ್ಚಲಿನಿಂದ ಹೊರಬಂದು, ಕೈ ಒರೆಸಿಕೊಳ್ಳುತ್ತ, ಅವಳ ಕೋಣೆಯ ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದ. ‘ಏನಾಗೇತಪ್ಪಾ?’ ಎನ್ನಲು ಎದ್ದು ನಿಲ್ಲಬೇಕಾಗಿಯೂ ಇರಲಿಲ್ಲ.

ಮುಂದೆ ಅವಳು ಗೋಡೆಯನ್ನು ತಿದ್ದಿದಳು. ಈಗಿನ ಕಿವಿಗ್ವಾಡಿಗಳು ಒಳಗೆ ಹೋದವನನ್ನು ಮೊದಲು ಎರಡು ಮಾತು ವಿಚಾರಿಸುತ್ತವೆ, ಅವನ ಮಾತಿನಲ್ಲೇ ವಿಚಾರಿಸುತ್ತವೆ. ಹಳದಿ ಬಂದರೆ ಒಬ್ಬ ಮನುಷ್ಯ ಎದುರು ಕೂತು ಕೇಳದೆ ಯಾರೂ ಕತ್ತಿ ಹಿಡಿಯುವಂತಿಲ್ಲ. ಬಾಗಿಲ ಮೇಲಿನ ಬರಹವನ್ನು ಅವಳೇ ನಿಂತು ಅಳಿಸಿದಳು. ಆರು ಮನೆಗಳಿಗೂ ಹೋದಳು. ಎರಡು ಮನೆಯಲ್ಲಿ ಬಾಗಿಲು ತೆರೆಯಲಿಲ್ಲ. ಇದೆಲ್ಲ ಆಮೇಲಿನದು.

ಆ ದಿನ ಕಡುಬಿನ ಮೇಲೆ ತುಪ್ಪ ಹೆಪ್ಪುಗಟ್ಟಿತು. ಶೈಲಾ ಎದ್ದು ಹಿತ್ತಲಿಗೆ ಹೋಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಬಚ್ಚಲು ಒಣಗಿತ್ತು. ಓಣಿಗೆ ಹೋಗುವ ಸಣ್ಣ ಗೇಟು ತೆರೆದಿತ್ತು.

“ನನ್ನ ಬಿಟ್ಟ ಹ್ವಾದ,” ಎಂದಳು. ಅರವತ್ತು ವರ್ಷದ ತಮ್ಮನನ್ನಲ್ಲ, ಜಾತ್ರೆಯಲ್ಲಿ ಕೈ ಬಿಡಿಸಿಕೊಂಡ ಹುಡುಗನನ್ನು ಕುರಿತು ಹೇಳಿದಂತಿತ್ತು ದನಿ.

ಅವಳು ಆ ಗೇಟನ್ನು ಸಂಜೆಯವರೆಗೂ ಮುಚ್ಚಗೊಡಲಿಲ್ಲ. ಬಾಗಿಲ ಬಳಿಯ ಕೈಚೀಲವನ್ನೂ ತೆಗೆಯಗೊಡಲಿಲ್ಲ. ಪಂಚಮಿ ಕಳೆಯಿತು. ಮರುವರ್ಷದ ಪಂಚಮಿಯೂ ಕಳೆಯಿತು. ಮೌನೇಶ ಬಡಿಗೇರ ಆ ಮನೆಗೆ ಮತ್ತೆ ಬರಲಿಲ್ಲ.